ಉಗುಳು ಒಣಗುವುದರೊಳಗೆ

ನಮ್ಮ ಊರಿನಲ್ಲಿ ಯಾವ ಮಗುವಿಗೆ ಬುದ್ಧಿ ಬಂದಿದೆ, ಯಾವುದಕ್ಕೆ ಇನ್ನೂ ಬಂದಿಲ್ಲ ಎಂದು ತೀರ್ಪು ಕೊಡುವವರು ಊರಿಗೇ ಅತ್ತೆಯಾದ ಜೆಲೆಸಿ. ಯಾರೂ ಅವರನ್ನು ನೇಮಿಸಿದ್ದಲ್ಲ. ಆರು ಹೆತ್ತು, ತಂಗಿಯ ಮೂವರನ್ನು ಸಾಕಿ, ಈಗ ಮಗಳ ಮಗಳನ್ನು ಬೆಳೆಸುತ್ತಿರುವ ಹೆಂಗಸಿನ ಮುಂದೆ ಬಾಯಿ ಬಿಡುವ ಧೈರ್ಯ ಯಾರಿಗೂ ಇಲ್ಲ, ಅಷ್ಟೆ. ಅವರ ಪರೀಕ್ಷೆ ಸರಳ. ನೆಲಕ್ಕೆ ಉಗುಳುತ್ತಾರೆ. ಇದು ಒಣಗುವುದರೊಳಗೆ ಪಕ್ಕದ ಮನೆಯಿಂದ ಜರಡಿ ತಗೊಂಡು ಬಾ ಎನ್ನುತ್ತಾರೆ. ಮಗು ಓಡಬೇಕು, ಹೇಳಿದ್ದನ್ನೇ ತರಬೇಕು, ಮಂಡಿಯೂರಿ ಎರಡೂ ಕೈಯಲ್ಲಿ ಕೊಡಬೇಕು, ಆ ಮನೆಯಲ್ಲಿ ಕಂಡ ಜಗಳದ ಸುದ್ದಿಯನ್ನು ಬಾಯಿ ತಪ್ಪಿಯೂ ಹೇಳಬಾರದು. ನಾನು ನಾಲ್ಕು ವರ್ಷ ಒಂದೇ ಸಮನೆ ಫೇಲಾದವಳು, ಏಕೆಂದರೆ ದಾರಿಯಲ್ಲಿ ಮಾವಿನ ಮರವಿತ್ತು. ಇಂದು ಊರ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಆದರೂ ಅತ್ತೆಯ ಪಾಲಿಗೆ ನಾನಿನ್ನೂ ಆ ಮರದ ಕೆಳಗೇ ಇದ್ದೇನೆ.

ಮೊಮ್ಮಗಳು ಟಿಲೆಲೆಗೆ ಆರು ವರ್ಷ. ಅವಳ ತಾಯಿ ಮೆಲಿಯಾ ಗಂಡನ ಜೊತೆ ಚಿಪಾಟಾ ಪೇಟೆಯಲ್ಲಿದ್ದಾಳೆ. ಹಾಲು ಬಿಡಿಸಿದ ಮೇಲೆ ಮಗುವನ್ನು ತಾಯಿಯ ಮನೆಗೆ ಕಳಿಸಿದ್ದಳು, ನಮ್ಮಲ್ಲಿ ಬಹಳ ಜನ ಕಳಿಸುವ ಹಾಗೆ. ಟಿಲೆಲೆ ಉಗುಳಿನ ಪರೀಕ್ಷೆಯಲ್ಲಿ ಒಮ್ಮೆಯೂ ಸೋತವಳಲ್ಲ. ಅಜ್ಜಿ ಕೇಳುವ ಮೊದಲೇ ಸೌದೆ ಒಲೆಯ ಪಕ್ಕದಲ್ಲಿರುತ್ತಿತ್ತು. ಮಾತು ಕಡಿಮೆ, ದೊಡ್ಡವರ ಮುಂದೆ ತಲೆ ಎತ್ತುತ್ತಿರಲಿಲ್ಲ. ಬೆಳೆಯುವ ಪೈರು ಮೊಳಕೆಯಲ್ಲೇ ಕಾಣುತ್ತದೆ ಎಂದು ಅತ್ತೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಕೇಳಿ ಕೇಳಿ ನಮಗೆಲ್ಲ ಹೊಟ್ಟೆ ಉರಿಯುತ್ತಿತ್ತು.

ಹೀಗಿರುವಾಗ ಒಂದು ಸೆಪ್ಟೆಂಬರಿನಲ್ಲಿ, ಮುಂದಿನ ಜನವರಿಗೆ ಶಾಲೆ ಸೇರಬೇಕಾದ ಮಕ್ಕಳ ಬುದ್ಧಿ ಅಳೆಯಲು ರಾಜಧಾನಿ ಲುಸಾಕಾದಿಂದ ಮ್ವಿಂಗಾ ಮೇಡಂ ಬಂದರು. ಒಳ್ಳೆಯವರೇ. ಮಕ್ಕಳಿಗೆ ಭಯವಾಗಬಾರದೆಂದು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಮೇಜಿನ ಮೇಲೆ ಒಂದು ಮೊಟ್ಟೆ, ಒಂದು ಕಲ್ಲು, ಕೋಳಿಯ ಚಿತ್ರ. ಇದು ಏನು, ಅದು ಏನು, ನಿನ್ನ ಮೂಗು ಎಲ್ಲಿದೆ ಎಂದು ಕೇಳಿದರು. ಟಿಲೆಲೆ ನೆಲಕ್ಕೆ ಮಂಡಿಯೂರಿ ಕುಳಿತವಳು ತುಟಿ ಎರಡು ಮಾಡಲಿಲ್ಲ. ಕಣ್ಣಿರುವ ದೊಡ್ಡವರೊಬ್ಬರು ಮೊಟ್ಟೆ ಯಾವುದೆಂದು ಕೇಳಿದರೆ ಮರ್ಯಾದಸ್ಥರ ಮನೆಯ ಮಗು ಏನೆಂದು ಉತ್ತರ ಕೊಡಬೇಕು? ಅದು ನನಗೆ ಗೊತ್ತಿತ್ತು. ಆದರೆ ನಡುವೆ ಬಾಯಿ ಹಾಕಬಾರದೆಂದು ಮೇಡಂ ಮೊದಲೇ ಹೇಳಿದ್ದರು, ನಾನೂ ಸುಮ್ಮನಿದ್ದೆ.

ಬಂದ ಕಾಗದವನ್ನು ಅತ್ತೆಗೆ ಓದಿ ಹೇಳಿದವಳು ನಾನೇ. ಬುದ್ಧಿಯ ಬೆಳವಣಿಗೆ ನಿಧಾನ, ಪೋಷಕಿ ಓದಿದವರಲ್ಲ, ಮನೆಯಲ್ಲಿ ಮಗುವಿನೊಡನೆ ಮಾತುಕತೆ ಸಾಲದು ಎಂದಿತ್ತು. ಶೇಂಗಾ ಸುಲಿಯುತ್ತಿದ್ದ ಅವರ ಕೈ ನಿಂತಿತು.

"ನಿಧಾನ ಅಂದ್ರೆ ಏನೇ ಡೋಲಿಕಾ? ಉಗುಳು ಒಣಗೋದ್ರೊಳಗೆ ಬರ್ತಾಳಲ್ಲ?"

ಆ ನಿಧಾನ ಬೇರೆ, ಈ ನಿಧಾನ ಬೇರೆ ಎಂದು ಏನೇನೋ ವಿವರಿಸಿದೆ. ಅವರಿಗೆ ತಲೆಬುಡ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ಹೇಳುತ್ತಾ ಹೇಳುತ್ತಾ ನನಗೂ ಆಗಲಿಲ್ಲ. ಅಷ್ಟರಲ್ಲಿ ಸುದ್ದಿ ಚಿಪಾಟಾ ಮುಟ್ಟಿ ಮೆಲಿಯಾ ಫೋನು ಮಾಡಿದಳು. ನವೆಂಬರಿನಲ್ಲಿ ಮೇಡಂ ಮತ್ತೊಮ್ಮೆ ನೋಡುತ್ತಾರಂತೆ, ಆಗಲೂ ಹೀಗೇ ಆದರೆ ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಹಳ್ಳಿಯಲ್ಲಿಟ್ಟು ಹಾಳು ಮಾಡಿದ್ದು ಸಾಕು ಎಂದಳಂತೆ. ಹಾಳು ಎಂಬ ಮಾತು ಅತ್ತೆಗೆ ನಾಟಿತು. ಅದಕ್ಕಿಂತ ಹೆಚ್ಚಾಗಿ ಮಗು ಹೋಗಿಬಿಡುತ್ತದಲ್ಲ ಎಂದು ಹೆದರಿದರು. ಆ ರಾತ್ರಿಯ ನ್ಶಿಮಾ ಮುದ್ದೆ ಪಾತ್ರೆಯಲ್ಲೇ ಉಳಿಯಿತು ಎಂದು ಮರುದಿನ ಹೇಳಿದರು.

ದಿನವೂ ಮಗುವಿಗೆ ಪ್ರಶ್ನೆ ಕೇಳಿ ಎಂದು ಮೇಡಂ ಹೇಳಿ ಹೋಗಿದ್ದರು. ಅತ್ತೆ ಶುರು ಹಚ್ಚಿಕೊಂಡರು. ಬೆಳಿಗ್ಗೆ ಎದ್ದರೆ, ಟಿಲೆಲೆ ಇದೇನು? ಮಡಕೆ. ಇದೇನು? ಬೆರಳು. ಈ ಕೋಳಿ ಯಾರದು? ನಮ್ಮದು. ಮೊದಲ ವಾರ ಮಗು ತಬ್ಬಿಬ್ಬಾಗಿ ಸುಮ್ಮನಿತ್ತು. ಎರಡನೇ ವಾರ ಮೆಲ್ಲಗೆ ಉತ್ತರಿಸತೊಡಗಿತು. ಮೂರನೇ ವಾರಕ್ಕೆ, ಕೇಳದಿದ್ದರೂ ಹೇಳುವಷ್ಟಾಯಿತು. ಅಜ್ಜಿ ಬೋರ್‌ವೆಲ್ಲಿಗೆ ಹೊರಟರೆ ಮುಂದೆ ಮುಂದೆ ನಡೆದು, ಇಲ್ಲಿ ಕಲ್ಲಿದೆ ಅಜ್ಜಿ, ಇದು ನಮ್ಮ ದಾರಿ ಅಜ್ಜಿ ಎನ್ನುವುದು. ಒಲೆ ಆರಿಸಿದ್ದಾರೋ ಇಲ್ಲವೋ ಎಂದು ಎರಡೆರಡು ಸಲ ನೋಡುವುದು. ಕುಡುಗೋಲನ್ನು ಬಚ್ಚಿಡುವುದು. ಅತ್ತೆ ಹಿಗ್ಗಿ ಹೀರೇಕಾಯಿಯಾದರು. ಆದರೆ ಕುಡುಗೋಲು ಎಲ್ಲಿ ಹೋಯಿತೆಂದು ಅವರಿಗೆ ತಿಳಿಯಲಿಲ್ಲ.

ಒಂದು ದಿನ ಶಾಲೆಯ ಹಿಂದೆ ಟಿಲೆಲೆ ನನ್ನ ಬಟ್ಟೆಯ ಅಂಚು ಜಗ್ಗಿದಳು.

"ಡೋಲಿಕಕ್ಕ, ಯಾರಿಗೂ ಹೇಳ್ಬೇಡಿ. ಅಜ್ಜಿಗೆ ಬುದ್ಧಿ ಹೋಗ್ತಾ ಇದೆ. ನಿನ್ನೆ ತಮ್ಮ ಮೂಗನ್ನೇ ಮುಟ್ಕೊಂಡು ಇದೇನು ಅಂತ ಕೇಳಿದ್ರು."

ನಾನು ನಕ್ಕುಬಿಟ್ಟೆ. ಆಗಲೇ ಮಗುವಿಗೆ ನಿಜ ಹೇಳಬಹುದಿತ್ತು. ಹೇಳಿದರೆ ಮತ್ತೆ ಬಾಯಿ ಮುಚ್ಚಿಕೊಂಡೀತೆಂದು ಹೇಳಲಿಲ್ಲ. ಅತ್ತೆಗಾದರೂ ಹೇಳಬಹುದಿತ್ತು. ಊರಿಗೇ ಬುದ್ಧಿ ಅಳೆಯುವವರಿಗೆ, ನಿಮ್ಮ ಮೊಮ್ಮಗಳು ನಿಮ್ಮನ್ನು ಅಳೆದಿದ್ದಾಳೆ ಎಂದು ಹೇಗೆ ಹೇಳುವುದು?

ನವೆಂಬರಿನ ಪರೀಕ್ಷೆಯಲ್ಲಿ ಟಿಲೆಲೆಯ ಮಾತು ನಿಲ್ಲಲಿಲ್ಲ. ಮೇಡಂ ಮೊಟ್ಟೆಯನ್ನು ತೋರಿಸಿ ಇದೇನು ಎಂದಾಗ ಅವಳು ಮೊದಲು ನನ್ನ ಕಡೆ ನೋಡಿದಳು, ಪಾಪ ಇವರಿಗೂ ಹೀಗಾಯಿತೇ ಎಂಬಂತೆ. ಆಮೇಲೆ ಬಿಡಿಸಿ ಬಿಡಿಸಿ, ದೊಡ್ಡ ದನಿಯಲ್ಲಿ ಹೇಳಿದಳು. ಇದು ಮೊಟ್ಟೆ, ಬಿದ್ದರೆ ಒಡೆಯುತ್ತದೆ. ಇದು ಕಲ್ಲು, ಇದನ್ನು ಬೇಯಿಸಬೇಡಿ. ಮೇಡಂ ಖುಷಿಯಿಂದ ಕಾಗದ ತುಂಬಿದರು. ಮಗು ಬಹಳ ಚುರುಕು, ಮನೆಯ ಪೋಷಣೆ ಸುಧಾರಿಸಿದೆ ಎಂದು ಬರೆದರು. ಅತ್ತೆ ಅದನ್ನು ನನ್ನಿಂದ ಮೂರು ಸಲ ಓದಿಸಿದರು. ಇನ್ನು ಮಗು ಎಲ್ಲಿಗೂ ಹೋಗುವುದಿಲ್ಲ ಎಂದು ಸಮಾಧಾನದಿಂದ ಕೋಳಿ ಕೊಯ್ದರು.

ಮುಂದಿನ ಶನಿವಾರ ಮಧ್ಯಾಹ್ನ ಮೆಲಿಯಾ ಬಂದಿಳಿದಳು, ಕೈಯಲ್ಲಿ ಹೊಸ ಸಮವಸ್ತ್ರ ಹಿಡಿದು. ಇಷ್ಟು ಚುರುಕಾದ ಮಗುವನ್ನು ಹಳ್ಳಿ ಶಾಲೆಗೆ ಹಾಕುವುದೇ, ಪೇಟೆಯ ಒಳ್ಳೆಯ ಶಾಲೆಯಲ್ಲಿ ಮಾತಾಡಿ ಬಂದಿದ್ದೇನೆ ಎಂದಳು. ದಡ್ಡಿಯಾದರೂ ಹೋಗಬೇಕು, ಜಾಣೆಯಾದರೂ ಹೋಗಬೇಕು. ಅತ್ತೆ ಮಗಳ ಮುಖವನ್ನೂ ಕಾಗದವನ್ನೂ ಮಿಕಮಿಕ ನೋಡಿದರು. ಅವರನ್ನು ಅಷ್ಟು ದಿಕ್ಕುತಪ್ಪಿದಂತೆ ನಾನೆಂದೂ ಕಂಡಿರಲಿಲ್ಲ. ನನಗೆ ಅಳು ಬಂತು.

ತಾಯಿ ಬಟ್ಟೆ ತಗೊಂಡು ಬಾ ಎಂದರೆ ಟಿಲೆಲೆ ಕದಲಲಿಲ್ಲ. ಅಜ್ಜಿಯ ಪಕ್ಕಕ್ಕೆ ಬಂದು ನಿಂತಳು.

"ನಾನು ಬರಲ್ಲಮ್ಮ. ನಾನು ಹೋದ್ರೆ ಅಜ್ಜಿಗೆ ಯಾರು ಹೇಳ್ತಾರೆ? ಅವ್ರಿಗೆ ಮಡಕೆ ಯಾವುದು, ಬೆರಳು ಯಾವುದು ಅಂತಾನೂ ಗೊತ್ತಾಗಲ್ಲ."

ಅತ್ತೆಯ ಮುಖಕ್ಕೆ ರಕ್ತವೇರಿತು. ಎರಡು ತಿಂಗಳಿಂದ ಮಗು ತನ್ನ ಬಗ್ಗೆ ಏನೆಂದುಕೊಂಡಿದೆ ಎಂಬುದು ಅವರಿಗೆ ಆ ಗಳಿಗೆಯಲ್ಲಿ ತಿಳಿಯಿತು. ಮೆಲಿಯಾಳ ಬಣ್ಣ ಬದಲಾಯಿತು. ಮರೆವು ಹಿಡಿದ ತಾಯಿಯ ಬಳಿಯಿಂದ ಕೈಗೆ ಬಂದ ಮೊಮ್ಮಗಳನ್ನು ಕಿತ್ತುಕೊಂಡು ಹೋಗುವ ಮಗಳು ನಮ್ಮಲ್ಲಿ ಇಲ್ಲ. ಹೋದರೆ ಊರು ಉಗಿಯುತ್ತದೆ.

"ಅಮ್ಮ, ನಿಜ ಹೇಳಿ. ನಿಮಗೆ ಎಲ್ಲ ನೆನಪಿದೆ ತಾನೆ?"

ಅತ್ತೆ ನನ್ನ ಕಡೆ ನೋಡಿದರು. ಅವರನ್ನು ಬಿಟ್ಟರೆ ನಿಜ ಬಲ್ಲವಳು ನಾನೊಬ್ಬಳೇ. ನಾನು ನೆಲ ನೋಡಿದೆ, ಚಿಕ್ಕಂದಿನಲ್ಲಿ ಅವರೇ ಕಲಿಸಿದ ಹಾಗೆ. ಆಮೇಲೆ ಅತ್ತೆ ಬಗ್ಗಿ, ಕಾಲ ಬಳಿಯಿದ್ದ ಮಡಕೆಯನ್ನು ಎತ್ತಿ ಹಿಡಿದರು.

"ಟಿಲೆಲೆ, ಇದೇನೇ ಕಂದ?"

ಮೆಲಿಯಾ ಹೊಸ ಸಮವಸ್ತ್ರವನ್ನು ಮೊಣಕಾಲ ಮೇಲಿಟ್ಟುಕೊಂಡು ಅತ್ತಳು. ಮರುದಿನ ಒಬ್ಬಳೇ ಹೋದಳು.

ಟಿಲೆಲೆ ಈಗ ನನ್ನ ತರಗತಿಯಲ್ಲಿದ್ದಾಳೆ. ಶಾಲೆ ಬಿಟ್ಟೊಡನೆ ಮನೆಗೆ ಓಡುತ್ತಾಳೆ. ಇವಳ ಜಾಣತನ ಮೇಡಂ ಕಾಗದದ್ದೋ, ಅತ್ತೆಯ ಉಗುಳಿನದೋ ಎಂದು ಯೋಚಿಸಿ ಯೋಚಿಸಿ ನನಗೇ ತಲೆ ಕೆಟ್ಟಿದೆ. ಊರವರು ತಮ್ಮ ಮಕ್ಕಳನ್ನು ಅತ್ತೆಯ ಮುಂದೆ ನಿಲ್ಲಿಸುವುದನ್ನು ಬಿಟ್ಟಿದ್ದಾರೆ. ಬುದ್ಧಿ ಹೋದವರ ತೀರ್ಪು ಯಾರಿಗೆ ಬೇಕು?

ಹೋದ ವಾರ ಅವರ ಮನೆಗೆ ಹೋಗಿದ್ದೆ. ಟಿಲೆಲೆ ಒಳಗೆ ಮಲಗಿದ್ದಳು. ಅಂಗಳದಲ್ಲಿ ನಾವಿಬ್ಬರೇ. ಅತ್ತೆ ನೆಲಕ್ಕೆ ಉಗುಳಿ, ಡೋಲಿಕಾ, ಇದು ಒಣಗೋದ್ರೊಳಗೆ ತಗೊಂಡು ಬಾ ಎಂದರು. ಹಳೆಯ ತಮಾಷೆಯೆಂದು ನಗುತ್ತಾ ಎದ್ದೆ. ಏನು ತರಲಿ ಅತ್ತೆ ಎಂದೆ. ಅವರು ಬಾಯಿ ತೆರೆದರು, ವಸ್ತುವಿನ ಹೆಸರು ಬರಲಿಲ್ಲ. ನನ್ನನ್ನೂ ನೆಲವನ್ನೂ ಒಮ್ಮೆ ನೋಡಿ, ಒಳಗೆ ಮಲಗಿದ್ದ ಮಗುವನ್ನು ಕೂಗಿದರು.