ನಾಲ್ಕು ಚಕ್ರವೂ ಎಳೆಯುವ ಜೀಪು

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಜೀಪುಗಳು ಒಂದೊಂದಾಗಿ ಮೈಸೂರಿಗೆ ಬಂದವು. ಜೊತೆಗೆ ಒಂದು ರೋಗವೂ ಬಂತು. ಸ್ಟಿಯರಿಂಗ್ ಹಿಡಿದವನೆಲ್ಲ ತಾನೇ ಮೇಜರ್ ಸಾಹೇಬ ಅಂದುಕೊಳ್ಳುವ ರೋಗ. ನಜರ್‌ಬಾದಿನ ನಮ್ಮ ಬೀದಿಯಲ್ಲಿ ಅದು ಮೊದಲು ಅಂಟಿದ್ದು ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ. ಸೈಕಲ್ ಬಾಡಿಗೆಗೆ ಕೊಟ್ಟು ಸುಖವಾಗಿದ್ದವರು ಒಂದು ಜೀಪು ತಂದು ನಿಲ್ಲಿಸಿದರು. ಅಂದಿನಿಂದ ಅವರು ನಡೆಯುವ ರೀತಿಯೇ ಬೇರೆಯಾಯಿತು.

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬಸ್ಸುಗಳ ಕೆಳಗೆ ಮಲಗಿ ಕೆಲಸ ಕಲಿತವನು. ಜೀಪು ತಂದು ಒಂದು ವರ್ಷವಾದ ಮೇಲೆ, ಓಡಿಸುವುದಕ್ಕೂ ರಿಪೇರಿ ಮಾಡುವುದಕ್ಕೂ ಆಗುತ್ತಾನೆಂದು ಭಾವ ನನ್ನನ್ನು ಕರೆಸಿಕೊಂಡರು. ಊಟ ಅವರ ಮನೆಯಲ್ಲಿ, ಮಲಗುವುದು ಹಿಂದಿನ ಕೋಣೆಯಲ್ಲಿ. ಜೀಪನ್ನು ನೋಡಿದ ಮೊದಲ ದಿನ ನನಗೆ ಅದು ಜೀಪೆಂದು ಅನ್ನಿಸಲೇ ಇಲ್ಲ. ಕ್ಯಾನ್ವಾಸ್ ಕಿತ್ತು ತಗಡಿನ ಟಾಪು ಹೊದಿಸಿದ್ದರು. ಒಳಗೆ ಕುಚ್ಚು ಕಟ್ಟಿದ ಪರದೆ. ಮೈಗೆಲ್ಲ ನಾಟಕದ ಕಂಪನಿಯ ನೀಲಿ ಬಣ್ಣ. ಪಕ್ಕದಲ್ಲಿ ಹಾವಿನಂತೆ ಸುತ್ತಿಕೊಂಡ ಹಿತ್ತಾಳೆ ಹಾರನ್ನು. ಅದರ ರಬ್ಬರು ಒತ್ತಿದರೆ ಗಂಟಲು ಕಟ್ಟಿದ ಎಮ್ಮೆಯ ಕೂಗು. ಆ ಕೂಗು ಕೇಳಿಸುವುದಕ್ಕೆಂದೇ ಭಾವ ಖಾಲಿ ರಸ್ತೆಯಲ್ಲೂ ಅದನ್ನು ಒತ್ತುತ್ತಿದ್ದರು.

ಇದೆಲ್ಲ ಹಾಳಾಗಲಿ, ಕೆಳಗೆ ಬಗ್ಗಿ ನೋಡಿದರೆ ಮುಂದಿನ ಶಾಫ್ಟೇ ಇರಲಿಲ್ಲ. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಕಬ್ಬಿಣದ ದಂಡ ಅದು. ಅದಿಲ್ಲದ ಜೀಪು ಬರೀ ಹಿಂದಿನ ಎರಡು ಚಕ್ರದಿಂದ ನೂಕಿಕೊಂಡು ಹೋಗುವ ತಗಡಿನ ಪೆಟ್ಟಿಗೆ. ಪೆಟ್ರೋಲ್ ಬಂಕಿನಲ್ಲಿ ಯಾರೋ ಬುದ್ಧಿವಂತ, ಮುಂದಿನ ಚಕ್ರ ಎಳೆದರೆ ಪೆಟ್ರೋಲು ಜಾಸ್ತಿ ಕುಡಿಯುತ್ತದೆ ಅಂದಿದ್ದನಂತೆ. ಭಾವ ಮಾರನೆಯ ದಿನವೇ ಬಿಚ್ಚಿಸಿದ್ದರು. ನಂಜನಗೂಡಿನ ಟಾರು ರಸ್ತೆಯಲ್ಲಿ ಜನರನ್ನು ತುಂಬಿಕೊಂಡು ಹೋಗಿಬರಲು ಅಷ್ಟು ಸಾಕಿತ್ತು. ನಾನೂ ಹೆಚ್ಚು ಮಾತಾಡಲಿಲ್ಲ.

ಮುಂಗಾರು ಹಿಡಿದ ಹೊತ್ತಿಗೆ ಒಬ್ಬರು ಡಾಕ್ಟರು ಬಂದರು. ಹೆಗ್ಗಡದೇವನಕೋಟೆಯ ಆಚೆ ಕಾಡುಜನರ ಹಾಡಿಗಳಿಗೆ ಹೋಗಿ ಸಿಡುಬು ಬರದಂತೆ ದೇವಿ ಹಾಕಬೇಕು, ಮಳೆಗಾಲ ಪೂರ್ತಿ ಜೀಪು ಬೇಕು ಅಂದರು. ಬಣ್ಣ, ಪರದೆ ಯಾವುದನ್ನೂ ಅವರು ನೋಡಲಿಲ್ಲ. ನಾಲ್ಕು ಚಕ್ರವೂ ಎಳೆಯುತ್ತವೆಯೋ ಎಂದು ಮಾತ್ರ ಕೇಳಿದರು.

ಭಾವ ಕಣ್ಣು ಮಿಟುಕಿಸದೆ ಹೇಳಿದರು. "ಎಳೀದೆ ಏನು ಸ್ವಾಮಿ? ನಮ್ಮ ಬಾಮೈದ ಕೈಯಾರೆ ಮಾಡವ್ನೆ. ಅವನನ್ನೇ ಕೇಳಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಸರಿ ಎಂದು ಎದ್ದುಬಿಟ್ಟರು. ನಾಡಿದ್ದು ಬೆಳಿಗ್ಗೆ ದೊಡ್ಡಕೆರೆ ಮೈದಾನದ ಕೆಸರಿನಲ್ಲಿ ಇಳಿಸಿ ತೋರಿಸಿ ಎಂದು ಹೇಳಿ ಹೋದರು. ಸುಳ್ಳು ಹೇಳಿದವರು ಭಾವ, ಅದಕ್ಕೆ ಹೊಣೆಯಾಗಿ ನಿಂತದ್ದು ನನ್ನ ಕೈಕೆಲಸ. ನನಗೆ ಇದ್ದ ಆಸ್ತಿಯೆಂದರೆ ಅದೊಂದೇ. ಇವನು ಮುಟ್ಟಿದ ಗಾಡಿ ದಾರಿಯಲ್ಲಿ ನಿಲ್ಲುವುದಿಲ್ಲ ಎಂದು ನಾಲ್ಕು ಜನ ಹೇಳುವ ಮಾತು.

ಶಾಫ್ಟು ಎಲ್ಲಿ ಎಂದು ಭಾವನನ್ನು ಹಿಡಿದುಕೊಂಡೆ. ಅಟ್ಟದ ಮೇಲಿದೆ ಅಂದರು. ಅಕ್ಕ ಅಟ್ಟ ಹತ್ತಿ ತಡಕಾಡಿ ಬರಿಗೈಯಲ್ಲಿ ಇಳಿದಳು. ಆಮೇಲೆ ನಿಜ ಹೊರಬಿತ್ತು. ಲಷ್ಕರ್ ಮೊಹಲ್ಲಾದ ಒಬ್ಬ ರಿಪೇರಿ ಶೆಡ್ಡಿನವನಿಗೆ ಶಾಫ್ಟು ಕೊಟ್ಟು, ಬದಲಿಗೆ ಆ ಹಿತ್ತಾಳೆ ಹಾರನ್ನು ತಂದಿದ್ದರು. ಎತ್ತಿನ ಕಾಲು ಕೊಟ್ಟು ಕೊರಳಿಗೆ ಗಂಟೆ ತಂದ ಹಾಗೆ. ಹಾಗೆಂದು ಅವರ ಮುಖಕ್ಕೇ ಹೇಳಿದೆ.

"ಡಾಕ್ಟ್ರು ಕೆಳಗೆ ನುಗ್ಗಿ ನೋಡ್ತಾರೇನೋ? ಲೋ ಗೇರಲ್ಲಿ ಒತ್ತು, ಹೊಂಟೋಯ್ತದೆ," ಅಂದರು ಭಾವ.

"ಕಾಡಲ್ಲಿ ಹೂತ್ಕೊಂಡ್ರೆ ನೂಕೋನು ನಾನು ಭಾವ, ನೀವಲ್ಲ."

"ಆ ಹಾರನ್ ಮೇಲೆ ಕೈ ಇಟ್ಯೋ, ಈ ಮನೇಲಿ ನಿನಗೆ ಅನ್ನ ಇಲ್ಲ. ತಿಳ್ಕೊ."

ಮಾರನೆಯ ದಿನ ಭಾವ ಮತ್ತು ಅವರ ಸ್ನೇಹಿತರು ಜೀಪನ್ನು ಕಾಡಿಗೆ ಸಿದ್ಧ ಮಾಡಿದ ಚೆಂದವನ್ನು ಹೇಳಲೇಬೇಕು. ಕಾಡು ನೋಡದವರೆಲ್ಲ ಸಲಹೆ ಕೊಡಲು ಬಂದಿದ್ದರು. ಒಬ್ಬ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಇನ್ನೊಬ್ಬ ಟಯರಿಗೆ ಗಾಳಿ ತುಂಬಿಸಿ ತುಂಬಿಸಿ ಕಲ್ಲು ಮಾಡಿದ, ಕೆಸರಿನಲ್ಲಿ ಟಯರು ಮೆತ್ತಗಿರಬೇಕೆಂಬುದು ಅವನ ವಂಶಕ್ಕೇ ಗೊತ್ತಿರಲಿಲ್ಲ. ಹುಲಿ ಬಂದರೆ ಹೆದರಿಸಲು ತಮಟೆ ಇರಲಿ ಎಂದ ಮಹಾನುಭಾವನೂ ಇದ್ದ. ಭಾವ ಡಾಕ್ಟರಿಗೆಂದು ಮಡಿಚುವ ಕುರ್ಚಿ ಹೇರಿಸಿ, ಟಾಪಿಗೆ ಇನ್ನೊಂದು ಪದರ ಬಣ್ಣ ಬಳಿಸಿ, ಬಾಳೆಕಂದು ಕಟ್ಟಿ ನಿಂತರು. ಮದುವೆಗೆ ಹೊರಟ ಜೀಪು.

ಅವರೆಲ್ಲ ಕಾಫಿಗೆ ಹೋದಾಗ ಕುರ್ಚಿ ಇಳಿಸಿದೆ. ತಗಡಿನ ಟಾಪಿನ ನಟ್ಟು ಬಿಚ್ಚಿ ಗೋಡೆಗೆ ಒರಗಿಸಿದೆ, ಅಷ್ಟು ಭಾರ ತಲೆಯ ಮೇಲೆ ಹೊತ್ತು ಇಳಿಜಾರಿನಲ್ಲಿ ಯಾವ ಗಾಡಿ ನೆಟ್ಟಗೆ ನಿಲ್ಲುತ್ತದೆ? ಟಯರಿನ ಗಾಳಿ ಇಳಿಸಿದೆ. ನೀರು ದಾಟುವಾಗ ಕರೆಂಟು ಕೆಡದಂತೆ ಪ್ಲಗ್ಗಿನ ವೈರುಗಳ ಬುಡಕ್ಕೆಲ್ಲ ಗ್ರೀಸು ಮೆತ್ತಿದೆ. ಜಾಕಿ ಕೆಸರಿನಲ್ಲಿ ಇಳಿಯದಿರಲಿ ಎಂದು ಅದರಡಿಗೆ ಹೊನ್ನೆ ಹಲಗೆಯ ತುಂಡು, ಒಂದು ಸನಿಕೆ, ಕೊಡಲಿ, ದಪ್ಪ ಹಗ್ಗ, ಎರಡು ಡಬ್ಬ ಪೆಟ್ರೋಲು. ಇಷ್ಟೇ ಸಾಮಾನು. ಆಮೇಲೆ ಸ್ಪ್ಯಾನರ್ ಹಿಡಿದು ಹಾರನ್ನಿಗೆ ಕೈ ಹಾಕಿದೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಬ್ಯಾಡ ಕಣೋ, ಅವರು ಅಂದಂಗೇ ಮಾಡ್ಬುಡ್ತಾರೆ," ಅಂದಳು. ನನಗೂ ಗೊತ್ತಿತ್ತು. ಹಾರನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿ ಹೊರಟೆ.

ಲಷ್ಕರ್ ಮೊಹಲ್ಲಾದ ಆ ಶೆಡ್ಡಿನವನನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಅವನ ಬೆಸುಗೆ ಕೋಳಿ ಕೆದಕಿದ ತಿಪ್ಪೆಯ ಹಾಗಿರುತ್ತಿತ್ತು, ಅದನ್ನು ಊರಿಗೆಲ್ಲ ಸಾರಿದ್ದವನು ನಾನೇ. ಎದುರಿಗೆ ಸಿಕ್ಕಾಗ "ಏನಯ್ಯ" ಎಂದೇ ಮಾತಾಡಿಸುತ್ತಿದ್ದೆ. ವಿಷಯ ಹೇಳಿದೆ. ಅವನು ಹಾರನ್ನು ತೆಗೆದು ಒರೆಸಿ ಮೊಳೆಗೆ ನೇತುಹಾಕಿದ. ಶಾಫ್ಟು ತರಲಿಲ್ಲ.

"ನಿನಗಿಂತ ಹತ್ತು ವರ್ಷ ದೊಡ್ಡೋನು ಕಣೋ ನಾನು," ಅಂದ. "ಇವತ್ತು ಅಣ್ಣ ಅಂತ ಕರಿ. ಕರೆದು ತಗೊಂಡೋಗು."

ಸುತ್ತ ಅವನ ಕೆಲಸದವರು ಕೈ ನಿಲ್ಲಿಸಿ ನೋಡುತ್ತಿದ್ದರು. ಸುತ್ತಿಗೆಯಿಂದ ಬೆರಳಿಗೆ ಏಟು ಬಿದ್ದಾಗಲೂ ನಾನು ಇಷ್ಟು ಹೊತ್ತು ಹಲ್ಲು ಕಚ್ಚಿದವನಲ್ಲ. ಕಡೆಗೆ ನೆಲ ನೋಡಿಕೊಂಡು, "ಕೊಡಣ್ಣ," ಅಂದೆ.

ಅವನು ನಗಲಿಲ್ಲ. ಒಳಗಿನಿಂದ ಶಾಫ್ಟು ತಂದ. ಎಣ್ಣೆಬಟ್ಟೆಯಲ್ಲಿ ಸುತ್ತಿತ್ತು. ಬಿಚ್ಚಿ ನೋಡಿದರೆ ಎರಡು ತುದಿಯ ಕೀಲಿಗೂ ಹೊಸ ಗ್ರೀಸು ಹಾಕಿ, ಬೋಲ್ಟುಗಳನ್ನು ಕಳೆಯದಂತೆ ತಂತಿಯಲ್ಲಿ ಪೋಣಿಸಿಟ್ಟಿದ್ದ. ಭಾವ ತಮ್ಮ ಜೀಪಿನ ಯಾವ ಸಾಮಾನನ್ನೂ ಹೀಗೆ ನೋಡಿಕೊಂಡವರಲ್ಲ. ಅದನ್ನು ಮತ್ತೆ ಸುತ್ತಿ ಹೆಗಲಿಗೇರಿಸಿದೆ. ಜಗಳವಾಗಿ ನಿನ್ನ ಭಾವ ಹೊರಗೆ ಹಾಕಿದರೆ ಇಲ್ಲಿ ಬಾ ಎಂದು ಅವನೇ ಹೇಳಿದ. ನಿನ್ನ ಹಂಗು ಬೇಕಿಲ್ಲ ಎಂದು ಬಂದೆ.

ಸಂಜೆಯೊಳಗೆ ಶಾಫ್ಟು ಕೂರಿಸಿದೆ. ಹಾರನ್ನು ಇದ್ದ ಜಾಗ ಬೋಳಾಗಿದ್ದದ್ದನ್ನು ಭಾವ ನೋಡಿದರು. ಆ ರಾತ್ರಿ ಅಕ್ಕ ನನ್ನ ಊಟವನ್ನು ಹಿಂದಿನ ಕೋಣೆಗೆ ತಂದಳು.

ಬೆಳಿಗ್ಗೆ ದೊಡ್ಡಕೆರೆ ಮೈದಾನದಲ್ಲಿ ಮಳೆನೀರು ನಿಂತು ಹಿಟ್ಟಿನ ಹಾಗೆ ಕೆಸರಾಗಿತ್ತು. ಡಾಕ್ಟರು ಪಕ್ಕದಲ್ಲಿ ಕೂತರು. ಇಳಿಸಿದೆ. ಹಿಂದಿನ ಚಕ್ರಗಳು ಅರ್ಧ ಹೂತು ಸುಮ್ಮನೆ ತಿರುಗತೊಡಗಿದವು. ಮುಂದಿನ ಚಕ್ರದ ಲಿವರ್ ಎಳೆದೆ. ಜೀಪು ಒಮ್ಮೆ ನಡುಗಿ, ಮೂತಿ ಎತ್ತಿ, ತಾನೇ ತನ್ನನ್ನು ಎಳೆದುಕೊಂಡು ದಂಡೆ ಹತ್ತಿತು. ಡಾಕ್ಟರು ತಲೆಯಾಡಿಸಿ, ಇವತ್ತೇ ಹೊರಡೋಣ ಎಂದರು. ಭಾವ ನಗುತ್ತಾ ಬಂದು, ನಾನು ಅಂದೇ ಹೇಳಿರಲಿಲ್ಲವೇ ಎಂದು ಅವರಿಗೆ ಕೈ ಮುಗಿದರು. ಆಮೇಲೆ ನನ್ನ ಪಕ್ಕ ಬಂದು, ಡಾಕ್ಟರಿಗೆ ಕೇಳಿಸದ ಹಾಗೆ, ಮಳೆಗಾಲ ಮುಗಿಸಿಕೊಂಡು ಬಂದು ಕೀಲಿಕೈ ಇಟ್ಟು ಹೋಗು ಎಂದರು.

ಆ ಮಳೆಗಾಲ ಜೀಪು ಒಂದು ಕಡೆಯೂ ಹೂತು ಕೂರಲಿಲ್ಲ. ಹಳ್ಳ ಬಂದಲ್ಲಿ, ಫ್ಯಾನು ಎಂಜಿನ್ನಿಗೆ ನೀರು ಎರಚದಂತೆ ಅದರ ಬೆಲ್ಟು ಸಡಿಲಿಸಿ ದಾಟಿಸಿದೆ. ಔಷಧಿಯ ಪೆಟ್ಟಿಗೆಗೆ ಒಂದು ಹನಿ ನೀರು ತಾಗಲಿಲ್ಲ. ಡಾಕ್ಟರು ತೂಕಡಿಸುತ್ತಾ ಕೂತಿರುತ್ತಿದ್ದರು, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ.

ವಾಪಸು ಬಂದಾಗ ಭಾವ ಜಗಲಿಯ ಮೇಲೆ ಕೂತು, ಕಾಡಿಗೆ ಹೋಗುವ ಗಾಡಿಯನ್ನು ಹೇಗೆ ಸಿದ್ಧ ಮಾಡಬೇಕೆಂದು ಯಾರಿಗೋ ಪಾಠ ಹೇಳುತ್ತಿದ್ದರು. ಕೀಲಿಕೈಯನ್ನು ಅವರ ಪಕ್ಕದಲ್ಲಿಟ್ಟು ಒಳಗೆ ಹೋಗಿ ಟ್ರಂಕು ತಂದೆ. ಅಕ್ಕ ಬೀದಿಯ ತಿರುವಿನವರೆಗೂ ಬಂದಳು. ನಾನು ಲಷ್ಕರ್ ಮೊಹಲ್ಲಾದ ಶೆಡ್ಡಿಗೆ ಹೋಗಿ ಟ್ರಂಕು ಇಳಿಸಿದೆ. ಮಧ್ಯಾಹ್ನದ ಹೊತ್ತಿಗೆಲ್ಲ ಒಂದು ಬೆಸುಗೆಯ ವಿಷಯಕ್ಕೆ ನನಗೂ ಅವನಿಗೂ ಜಗಳ ಹತ್ತಿಕೊಂಡಿತ್ತು.