ಮಲಗಿಸಿಟ್ಟಿದ್ದ ಲಗ್ನಪತ್ರಿಕೆ

ದೆವ್ವ, ಪಿಶಾಚಿ, ಮಾಟ, ಮಂತ್ರಗಳಲ್ಲಿ ನನಗೆ ನಂಬಿಕೆಯಿರಲಿಲ್ಲ. ಕಂಡೆವು ಎಂದವರನ್ನು ಕೂರಿಸಿಕೊಂಡು, ಅಡ್ಡಪ್ರಶ್ನೆ ಹಾಕಿ, ಅವರ ದೆವ್ವಕ್ಕೇ ನಾಚಿಕೆಯಾಗುವಂತೆ ಮಾಡಿ ಕಳಿಸಿದ್ದೇನೆ. ಅಂಥವನಿಗೆ ಕೆಲವು ವರ್ಷಗಳ ಹಿಂದೆ, ಹಾಡಹಗಲಲ್ಲಿ, ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿರುವ ನನ್ನದೇ ಪ್ರೆಸ್ಸಿನಲ್ಲಿ ಆದದ್ದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನೆನೆದರೆ ಈಗಲೂ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಪ್ರೆಸ್ಸಿಗೆ ನಾವಿಬ್ಬರು ಪಾಲುದಾರರು. ಅಜ್ಜಂಪುರದ ರುದ್ರಪ್ಪ ಅಕ್ಷರ ಜೋಡಿಸುವವನು, ನಾನು ಗಿರಾಕಿಗಳ ಹತ್ತಿರ ಮಾತಾಡುವವನು. ಅವನ ಕೈಗೆ ಹೊಂದಿದ್ದ ಹಳೆಯ ಕನ್ನಡ ಸಾಫ್ಟ್‌ವೇರು ಹೊಸ ಕಂಪ್ಯೂಟರಿನಲ್ಲಿ ಓಡದು. ಅದಕ್ಕಾಗಿ ಕಡೂರಿನ ರಿಪೇರಿಯವನು, ನಾಗರಾಜ, ಹೊಸದರೊಳಗೇ ಹಳೆಯ ಕಂಪ್ಯೂಟರೊಂದನ್ನು ಕೂರಿಸಿಕೊಟ್ಟಿದ್ದ. ವರ್ಚುವಲ್ ಮೆಷಿನ್ ಎಂದು ಅದರ ನಾಮಧೇಯ. ಪೆಟ್ಟಿಗೆಯಿಲ್ಲ, ತಂತಿಯಿಲ್ಲ. ಪರದೆಯ ಮೇಲೊಂದು ಕಿಟಕಿ. ಅದರೊಳಗೆ ಹಳೆಯ ಯಂತ್ರ, ತನ್ನ ಕಾಲವಿನ್ನೂ ಮುಗಿದಿಲ್ಲವೆಂದು ತಿಳಿದು ಕೆಲಸ ಮಾಡುತ್ತಿತ್ತು.

ಆ ಸಾಫ್ಟ್‌ವೇರಿಗೊಂದು ರೋಗ. ಸೇವ್ ಮಾಡಿ ಮತ್ತೆ ತೆರೆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಆದ್ದರಿಂದ ರುದ್ರಪ್ಪ ಸೇವ್ ಮಾಡುತ್ತಲೇ ಇರಲಿಲ್ಲ. ಪುಟ ತೆರೆದಿದ್ದ ಹಾಗೆಯೇ ಒಳಗಿನ ಯಂತ್ರವನ್ನು ಮಲಗಿಸಿ ಮನೆಗೆ ಹೋಗುತ್ತಿದ್ದ; ಮರುದಿನ ಎಬ್ಬಿಸಿದರೆ ಬಿಟ್ಟ ಅಕ್ಷರದ ಮುಂದೆಯೇ ಕರ್ಸರ್ ಮಿಣುಕುತ್ತಿರುತ್ತಿತ್ತು. ಮಗಳು ಗಿರಿಜಳ ಲಗ್ನಪತ್ರಿಕೆಯನ್ನೂ, ಮುಹೂರ್ತದ ಜಾಗವೊಂದನ್ನು ಖಾಲಿ ಬಿಟ್ಟು, ಹೀಗೇ ಮಲಗಿಸಿ ಹೋದವನು ಎದೆನೋವೆಂದು ಆಸ್ಪತ್ರೆ ಸೇರಿದ. ತಿರುಗಿ ಬರಲಿಲ್ಲ. ಮದುವೆ ಮುಂದಕ್ಕೆ ಹೋಯಿತು.

ಮುಹೂರ್ತ ಗೊತ್ತಾದ ಮೇಲೆ ಗಿರಿಜ ಪ್ರೆಸ್ಸಿಗೆ ಬಂದಳು. ಇಬ್ಬರೂ ಯಂತ್ರವನ್ನು ಎಬ್ಬಿಸಿ ನೋಡಿದೆವು. ಕರೆಯುವವರ ಜಾಗದಲ್ಲಿ ರುದ್ರಪ್ಪ ತನ್ನ ಹೆಸರನ್ನು ತಾನೇ ಹೊಡೆದಿಟ್ಟಿದ್ದ. ಅದಕ್ಕೆ ‘ದಿ.’ ಸೇರಿಸಲೇಬೇಕೆಂದು ಅವರ ಮನೆಯ ಹಿರಿಯರ ಅಪ್ಪಣೆಯಾಗಿತ್ತು. ತೀರಿಕೊಂಡವರು ದಿ. ಇಲ್ಲದೆ ಕರೆಯಕೂಡದಂತೆ.

“ನೀವೇನೂ ಸೇರಿಸ್ಬೇಡಿ ದೊಡ್ಡಪ್ಪ. ಅಪ್ಪಾಜಿ ಹೆಂಗೆ ಹೊಡ್ದಿಟ್ಟವ್ರೋ ಹಂಗೇ ಬರ್ಲಿ. ಬೈಯೋರು ನನ್ನ ಬೈಕೊಳ್ಲಿ” ಎಂದಳು.

ಅವನ ಕೈ ಬಿದ್ದ ಕೊನೆಯ ಪುಟ ಅದು. ಮಾತು ಕೊಟ್ಟೆ. ಆದರೆ ಒಳಗಿನ ಯಂತ್ರಕ್ಕೆ ನಮ್ಮ ಹೊಸ ಪ್ರಿಂಟರ್ ಕಾಣಿಸಲಿಲ್ಲ. ಪುಟವನ್ನು ಮತ್ತೆ ಮಲಗಿಸಿ ನಾಗರಾಜನನ್ನು ಕರೆಸಿದೆ. ಮಧ್ಯಾಹ್ನ ಅವನು ಬಂದು ಕೂತ. ನಾನು ಕಾಫಿಗೆ ಹೇಳಿ ಬರುವಷ್ಟರಲ್ಲಿ ಆ ಮಹಾನುಭಾವ ಕೆಲಸ ಮುಗಿಸಿದ್ದ.

“ಪ್ರಿಂಟರ್ ಕಾಣೋಕೆ ಅಪ್‌ಡೇಟ್ ಕೇಳ್ತಿತ್ತು ಸಾರ್, ಕೊಟ್ಬಿಟ್ಟೆ. ಮಲಗ್ಸಿದ್ದು ಹೊಸ ವರ್ಷನ್ನಲ್ಲಿ ಏಳಲ್ಲ, ಬಿಸಾಕ್ಲಾ ಅಂತು. ಹೂಂ ಅಂದೆ.”

“ಯಾರನ್ನ ಕೇಳಿ ಹೂಂ ಅಂದ್ಯೋ? ನಿಮ್ಮಪ್ಪನ ಆಸ್ತಿ ಏನೋ ಅದು?”

“ಒಂದು ಹಳೇ ಪುಟ ತಾನೇ ಸಾರ್, ಇನ್ನೊಂದ್ಸಲ ಹೊಡ್ಕೊಂಡ್ರಾಯ್ತು.”

ಆಮೇಲೆ ನಾನಾಡಿದ ಮಾತುಗಳನ್ನು ಅಚ್ಚು ಹಾಕುವ ಧೈರ್ಯ ನನ್ನ ಪ್ರೆಸ್ಸಿಗೇ ಇಲ್ಲ. ಅವನ ಮೇಲೊಂದೇ ಅಲ್ಲ, ನೆಟ್ಟಗೆ ನಡೆಯುತ್ತಿರುವುದನ್ನು ಉದ್ಧಾರ ಮಾಡಲು ಎಲ್ಲಿಂದಲೋ ಹೊರಟು ಬಂದು, ಪರರ ಮನೆಯಲ್ಲಿ ಮಲಗಿದ್ದನ್ನು ಬಿಸಾಕಲೇ ಎಂದು ಕೇಳುವ ಆ ಅಪ್‌ಡೇಟಿನವರ ಮೇಲೂ ಕೂಗಾಡಿದೆ. ಗಿರಿಜ ಬೆಂಚಿನ ಮೇಲೆ ಕಲ್ಲಾಗಿ ಕೂತಿದ್ದಳು. ಅವಳು ಅತ್ತಿದ್ದರೆ ನನ್ನ ಸಿಟ್ಟು ಒಂದಿಷ್ಟು ಇಳಿಯುತ್ತಿತ್ತೋ ಏನೋ.

ನಾಗರಾಜ ಬೆವರುತ್ತ ಒಳಗಿನ ಯಂತ್ರವನ್ನು ಮೊದಲಿನಿಂದ ಶುರು ಮಾಡಿದ. ಸಾಫ್ಟ್‌ವೇರನ್ನು ತೆರೆದ. ನಿಯಮದಂತೆ ಖಾಲಿ ಪುಟ ಬರಬೇಕು. ಬಂದದ್ದು ಲಗ್ನಪತ್ರಿಕೆ.

ಅಂಚಿನ ಬಳ್ಳಿ ಇತ್ತು. ಒತ್ತಕ್ಷರಗಳು ತಂತಮ್ಮ ಜಾಗದಲ್ಲಿದ್ದವು. ಮುಹೂರ್ತದ ಜಾಗ ಖಾಲಿಯೇ ಇತ್ತು. ಕೆಳಗೆ, ಕರೆಯುವವರ ಜಾಗದಲ್ಲಿ, ‘ದಿ. ರುದ್ರಪ್ಪ’ ಎಂದಿತ್ತು.

“ಟೆಂಪರರಿ ಫೈಲ್ ಉಳ್ಕೊಂಡಿರ್ಬೇಕು ಸಾರ್” ಎಂದ ನಾಗರಾಜ.

“ಟೆಂಪರರಿ ಫೈಲು ದಿ. ಅಂತ ಬರೀತದೇನೋ?”

ಅವನು ಮೌಸ್ ಮೇಲಿಂದ ಕೈ ತೆಗೆದ. ಆ ಕೀಲಿಮಣೆಯಲ್ಲಿ ಕನ್ನಡದ ಒಂದಕ್ಷರ ಹೊಡೆಯಲೂ ಅವನಿಗೆ ಬಾರದು. ಗಿರಿಜ ಬೆಂಚು ಬಿಟ್ಟು ಎದ್ದಿರಲಿಲ್ಲ. ನಾನಂತೂ ಹೊಡೆದಿಲ್ಲ.

ಈಗ ಅವಳು ಎದ್ದು ಬಂದು, ಪರದೆಯ ಮೇಲಿನ ಆ ಹೆಸರನ್ನು ಬಹಳ ಹೊತ್ತು ನೋಡಿದಳು. “ಅಪ್ಪಾಜಿನೇ ಒಪ್ಕೊಂಡ್ಮೇಲೆ ಬ್ಯಾಡ ಅನ್ನೋಕೆ ನಾನ್ಯಾರು ದೊಡ್ಡಪ್ಪ? ಹಂಗೇ ಹಾಕಿ” ಎಂದು, ಆಗ ಅತ್ತಳು.

ಮುಹೂರ್ತ ತುಂಬಿಸಿ, ಹಾಗೇ ಅಚ್ಚು ಹಾಕಿದೆ. ಮದುವೆ ಚೆನ್ನಾಗಿಯೇ ಆಯಿತು. ಆ ಪುಟ ಮತ್ತೆ ತೆರೆದುಕೊಳ್ಳಲಿಲ್ಲ. ಯಾರು ಹೇಗೆ ವಿವರಿಸಿದರೂ ನನಗೆ ಸಮಾಧಾನವಾಗಿಲ್ಲ. ನನ್ನ ಹತ್ತಿರವೂ ವಿವರಣೆಯಿಲ್ಲ. ಆ ಒಂದಕ್ಷರವನ್ನು ಅವನ ಹೆಸರಿಗೆ ಸೇರಿಸಲು ಅಲ್ಲಿಯವರೆಗೂ ನನ್ನ ಕೈ ಬಂದಿರಲಿಲ್ಲ. ಸೇರಿಸಿದವನು ಅವನೇ ಆಗಿದ್ದರೆ, ಇಷ್ಟು ವರ್ಷದ ಪಾಲುದಾರನಾದ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಬೇಡ ಅನ್ನುತ್ತಿದ್ದೆ.