ಹದ ನೋಡಲು ಹಚ್ಚಿದ್ದು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹೆಣಗಿ ಗಳಿಸಿದ್ದು, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪರೀಕ್ಷೆಗೆ ಓದುವಾಗ ನಿದ್ದೆ ಬಾರದಿರಲೆಂದು ಅಕ್ಕ ನನಗೆ ಮಶೇರಿ ಕಲಿಸಿದಳು. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಅರೆದ ಪುಡಿ ಅದು, ಹಲ್ಲಿಗೆ ತಿಕ್ಕುವುದು. ಡಿಗ್ರಿ ಬಂತು, ಮಶೇರಿಯೂ ಉಳಿಯಿತು.

ಅಕ್ಕನ ಗಲ್ಲದ ಒಳಗೆ ಬಿಳಿ ಮಚ್ಚೆ ಕಂಡಿತು. ಬಿಡದಿದ್ದರೆ ಕ್ಯಾನ್ಸರಿಗೆ ತಿರುಗಬಹುದು ಎಂದರು ಡಾಕ್ಟರು. ನನಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಬಸ್ಸಿನಲ್ಲಿ ಬರುತ್ತ, ಇಬ್ಬರೂ ಬಿಡೋಣ ಎಂದೆ. ಅವಳು ಕಿಟಕಿಯ ಕಡೆ ನೋಡುತ್ತ ಹೂಂ ಎಂದಳು.

ನಾನಿರುವುದು ಶಿಗ್ಗಾಂವದಲ್ಲಿ, ಅವಳು ದುಂಡಸಿಯಲ್ಲಿ. ದಿನಾ ಬೆಳಿಗ್ಗೆ, ತಿಕ್ಕುವ ಹೊತ್ತಿಗೇ, ಫೋನಿನಲ್ಲಿ ಮಾತಾಡುವುದೆಂದು ಕರಾರಾಯಿತು. ಮಶೇರಿ ತುಂಬಿದ ಬಾಯಿಂದ ಮಾತು ನೆಟ್ಟಗೆ ಹೊರಡುವುದಿಲ್ಲ, ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಅವಳು ಪಲ್ಯ ಏನು ಮಾಡಿದೆನೆಂದು ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ನಾನಂತೂ ಬಿಟ್ಟಿದ್ದೆ, ಆದರೆ ಆಗ ಯಾವುದರ ರುಚಿಯೂ ಹತ್ತುತ್ತಿರಲಿಲ್ಲ. ಕಾಲೇಜಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದೆ, ಏನು ಹೇಳಿದೆನೆಂದು ನೆನಪಿರುತ್ತಿರಲಿಲ್ಲ.

ಒಂದು ರವಿವಾರ ಹೇಳದೆ ದುಂಡಸಿಗೆ ಹೋದೆ. ಅಕ್ಕ ಹಿತ್ತಲ ಒಲೆಯ ಮುಂದೆ ತಂಬಾಕು ಹುರಿಯುತ್ತ ಕೂತಿದ್ದಳು. ಓಣಿಯ ಹೆಂಗಸರೆಲ್ಲ ಅವಳ ಕೈಯಲ್ಲೇ ಹುರಿಸುವುದು. ಬೇರೆಯವರು ಹುರಿದರೆ ಕರಕಲಾಗುತ್ತದೆ. ಅವಳ ಹಲ್ಲಿನ ಸಂದಿ ಕಪ್ಪಗಿತ್ತು.

“ತಿಕ್ಕಿಲ್ಲ,” ಎಂದಳು. “ಹದ ಆಗೇತೋ ಇಲ್ಲೋ ಅಂತ ಹಲ್ಲಿಗೆ ಹಚ್ಚಿ ನೋಡಬೇಕಲ್ಲ. ನಾ ಮಾತು ತಪ್ಪಿಲ್ಲ.”

ಸುಳ್ಳು ಹೇಳುತ್ತಿರಲಿಲ್ಲ. ಅದು ಲೆಕ್ಕಕ್ಕಿಲ್ಲವೆಂದೇ ಅವಳು ನಂಬಿದ್ದಳು. ನನಗೆ ಸಿಟ್ಟೂ ಬರಲಿಲ್ಲ. ಹುರಿಯುವುದನ್ನೇ ಬಿಡು ಎಂದೆ.

“ಬಿಟ್ರ ನನ್ನ ಮನಿ ಕಟ್ಟಿ ಮ್ಯಾಲ ಯಾರ ಬಂದು ಕುಂದರ್ತಾರ? ನಿನಗ ನಾಕು ಮಂದಿ ಮೇಡಂ ಅಂತಾರ. ನನಗ ಇದ ಐತಿ.”

ನನ್ನನ್ನು ಓದಿಸಲು ಶಾಲೆ ಬಿಟ್ಟವಳು ಅವಳು. ಪಕ್ಕದಲ್ಲಿ ಕೂತೆ. ಆ ಹೊಗೆಗೆ ಬಾಯಲ್ಲಿ ನೀರೂರಿತು. ಅದನ್ನೂ ಹೇಳಿದೆ. ಹಾಗಾದರೆ ದೂರ ಕೂಡು ಎಂದಳು.

“ನೀ ಹುರಿಯೂತನಕ ನಾನೂ ಇಲ್ಲೇ ಕುಂದರ್ತೇನಿ,” ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಹಂಚನ್ನು ಒಲೆಯಿಂದ ಇಳಿಸಿದಳು.

ಸಂಜೆ ಎದುರುಮನೆಯ ಕಾಕಿ ಪುಡಿ ಒಯ್ಯಲು ಬಂದಳು. ಅಕ್ಕ ಅರೆಬರೆ ಹುರಿದದ್ದನ್ನೇ ಕಟ್ಟಿ ಅವಳ ಕೈಗಿಟ್ಟು, ಬಾಯಲ್ಲಿ ಹೀಗಾಗಿದೆ, ಇನ್ನು ಹುರಿಯುವುದಿಲ್ಲ ಎಂದಳು.

“ತಂಗಿ ಸಾಲಿ ಕಲಿತಾಳ, ನಿನಗ ನಾವು ಬ್ಯಾಡಾದ್ವಿ,” ಎಂದು ಕಾಕಿ ಹೊರಟೇಬಿಟ್ಟಳು. ಕಾಕಿ ಮೆಟ್ಟಿಲ ತನಕ ಹೋದವಳು ನಿಂತು, ತಿರುಗಿ ಬಂದು ಕಟ್ಟೆಯ ಮೇಲೆ ಕೂತಳು.

“ಎಲ್ಲಿ, ಬಾಯಿ ತಗಿ. ನೋಡೂಣು.”

ಅಕ್ಕ ಬಾಯಿ ತೆರೆದಳು. ನಾನು ಮೊಬೈಲಿನ ಬೆಳಕು ಹಿಡಿದೆ. ಕಾಕಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ತನ್ನ ಬಾಯಿಯನ್ನೂ ತೆರೆದಳು.